ಬೆಳಗಿನ ಸೊಪ್ಪಿನ ಸರದಿ

ನಮ್ಮ ಅತ್ತಿಗೆಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಎಲ್ಲರಿಗಿಂತ ಮುಂಚೆ ಗೊತ್ತಾದದ್ದು ನನಗೆ. ಡಾಕ್ಟರಿಗಿಂತ ಮುಂಚೆ, ಅವರ ಗಂಡನಾದ ನಮ್ಮಣ್ಣನಿಗಿಂತ ಮುಂಚೆ, ಬಹುಶಃ ಅವರಿಗಿಂತಲೂ ಮುಂಚೆ. ಗೊತ್ತಾದ ಮೇಲೆ ನಾನು ಮಾಡಿದ ಘನಂದಾರಿ ಕೆಲಸ ಏನೆಂದರೆ, ಅದನ್ನೇ ಹಿಡಿದುಕೊಂಡು ಇಸ್ಪೀಟಿನಲ್ಲಿ ಅವರನ್ನು ಸೋಲಿಸಿದ್ದು. ಒಂದು ದಿನ ಎರಡು ದಿನದ ಮಾತಲ್ಲ, ತಿಂಗಳುಗಟ್ಟಲೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಒದ್ದಾಡಿದೆ. ಬರೆದರೆ ಯಾವುದೂ ಸರಿಹೋಗುವುದಿಲ್ಲ, ಗೊತ್ತು. ಆದರೂ ಹೇಳಿಬಿಡುತ್ತೇನೆ.

ನಮ್ಮದು ಜಂಗಮಕೋಟೆ ಕಡೆಯ ಹಳ್ಳಿ. ಮನೆಯಲ್ಲಿ ನಾಲ್ಕು ಜನ: ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ. ಅಣ್ಣನ ಒಬ್ಬಳೇ ಮಗಳು ಚಿಂತಾಮಣಿಗೆ ಮದುವೆಯಾಗಿ ಹೋಗಿದ್ದಾಳೆ. ನಮಗೆ ಮಕ್ಕಳಿಲ್ಲ. ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ, ದಿನಾ ಬೈಕಿನಲ್ಲಿ ಹೋಗಿಬರುತ್ತೇನೆ. ಅತ್ತಿಗೆ ಈ ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಇಪ್ಪತ್ತು ವರ್ಷದ ಹುಡುಗಿ, ಬಂದ ಮೂರನೇ ದಿನವೇ ನನ್ನನ್ನು ಎಳೆದು ಕೂರಿಸಿಕೊಂಡು ತಲೆಯ ಹೇನು ತೆಗೆದರು. ಆಮೇಲೆ ನನ್ನನ್ನು ಬೆಳೆಸಿದವರು ಅವರೇ. ತಾಯಿ ಹಾಗೆ ಅಂತೆಲ್ಲ ಬರೆಯಲು ಈಗ ನನಗೆ ಮುಖವಿಲ್ಲ.

ಹಿಪ್ಪುನೇರಳೆ ಎರಡು ಎಕರೆ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಮನೆ. ಆ ಹುಳುಮನೆಗೆ ಯಜಮಾನಿ ಅತ್ತಿಗೆ. ಚಾಕಿ ಹುಳು, ಅಂದರೆ ಎಳೆಯ ಮರಿಹುಳು, ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಅವರ ಮಾತೇ ಮಾತು. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಸಾಕು, ವಾಸನೆಯಲ್ಲೇ ಹೇಳುತ್ತಿದ್ದರು: "ಆ ಮೂಲೇಲಿ ಶಾಖ ಜಾಸ್ತಿ ಆಗೈತೆ ಕಣ್ರೀ, ಕಿಟಕಿ ತೆಗೀರಿ." ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ಗೂಡು ಸುರಿದರೆ ಗೂಡಿನಿಂದ ನೂಲು ತೆಗೆಯುವ ಹಳೆಯ ರೀಲರೊಬ್ಬರು ಒಂದು ಹಿಡಿ ತೆಗೆದು ಅದುಮಿ ನೋಡಿ, "ಇದು ಅಕ್ಕನ ಕೈಯ ಮಾಲು" ಎಂದು ಬೇರೆಯವರಿಗೆ ಹೇಳುತ್ತಿದ್ದರು. ಅಣ್ಣ ಮನೆಗೆ ಬಂದು ಅದನ್ನು ಹೇಳಿದರೆ ಅತ್ತಿಗೆ ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಇನ್ನು ಆ ಇಸ್ಪೀಟಿನ ಆಟ, ಪೋಕರ್. ಅದನ್ನು ಮನೆಗೆ ತಂದವನು ನಾನೇ. ಚಿಕ್ಕಬಳ್ಳಾಪುರದಲ್ಲಿ ಸಹೋದ್ಯೋಗಿಗಳು ನಾಲ್ಕೈದು ಜನ ಶನಿವಾರ ಮಧ್ಯಾಹ್ನ ಒಬ್ಬರ ರೂಮಿನಲ್ಲಿ ಸೇರಿ ಆಡುತ್ತಿದ್ದರು. ಮೊದಲು ಫೋನಿನಲ್ಲಿ ಕಲಿತು ಆಮೇಲೆ ಎದುರುಬದುರು ಕೂತವರು. ಎಲ್ಲರೂ ಪಕ್ಕಾ ಆಟಗಾರರು, ಅಲ್ಲಿ ನಾನು ಸೋಲುವವನು. ನನ್ನ ಮುಖ ನೋಡಿದರೆ ಎಲೆ ಗೊತ್ತಾಗುತ್ತದಂತೆ. "ಗುರುವೇ, ನಿನ್ನ ಕಿವಿ ಕೆಂಪಗಾಯ್ತು, ನಾವು ಬಿಟ್ವಪ್ಪ" ಎಂದು ನಗುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಆರು ತಿಂಗಳು ಉರಿದುಕೊಂಡು, ಅವರಿಂದ ಕಲಿತದ್ದನ್ನೆಲ್ಲ ಕಟ್ಟಿಕೊಂಡು, ಏನೂ ಅರಿಯದ ನಮ್ಮ ಮನೆಯವರ ಮುಂದೆ ತಂದು ಸುರಿದೆ. ಹೊರಗೆ ಒದೆ ತಿಂದವನಿಗೆ ಎಲ್ಲಾದರೂ ಒಂದು ಕಡೆ ಗೆಲ್ಲಬೇಕಿತ್ತು, ಅಷ್ಟೇ.

ಆಟ ಸುಲಭ. ಒಬ್ಬೊಬ್ಬರಿಗೆ ಎರಡೆರಡು ಎಲೆ, ಮುಚ್ಚಿ ನೋಡಿಕೊಳ್ಳಬೇಕು. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಎರಡನ್ನೂ ಸೇರಿಸಿ ಒಳ್ಳೆಯ ಜೋಡಿ ಯಾರದೋ ಅವರದು ಗೆಲುವು. ಮಧ್ಯದಲ್ಲಿ ಪಣ ಏರಿಸಬಹುದು, ಬೇಡವೆಂದರೆ ಎಲೆ ಬಿಟ್ಟು ಕೂರಬಹುದು. ಮನೆಯಲ್ಲಿ ದುಡ್ಡಿಟ್ಟು ಆಡಕೂಡದು ಎಂದು ಅತ್ತಿಗೆ ಮೊದಲೇ ಹೇಳಿಬಿಟ್ಟರು. ಹುಣಸೆಬೀಜ ಇಟ್ಟುಕೊಂಡು ಆಡಿದೆವು. ಬರೀ ಬೀಜಕ್ಕೆ ಯಾರಿಗೆ ಕಾವು ಬರುತ್ತದೆ? ಪಣ ಏನಿರಬೇಕು ಎಂದು ನಾನೇ ಯೋಚಿಸಿದೆ. ಹುಳು ಇರುವ ದಿನಗಳಲ್ಲಿ ಮನೆಯವರಿಗೆಲ್ಲ ಸರದಿ ಇದೆ. ನಸುಕಿನಲ್ಲಿ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತಂದು ಹಾಕುವುದು ನನ್ನದು, ಮಧ್ಯಾಹ್ನದ್ದು ಅಣ್ಣನದು, ಸಂಜೆಯದು ನನ್ನ ಹೆಂಡತಿಯದು, ಉಳಿದ ನೂರೆಂಟು ಕೆಲಸ ಅತ್ತಿಗೆಯದು. ಭಾನುವಾರ ಊಟವಾದ ಮೇಲೆ ಆಡುವುದು. ಯಾರ ಹತ್ತಿರ ಬೀಜ ಕಡಿಮೆ ಉಳಿಯಿತೋ ಅವರು, ಹೆಚ್ಚು ಗೆದ್ದವರ ಸರದಿಯನ್ನು ಆ ವಾರ ತಾವು ಮಾಡಬೇಕು. ಎಲ್ಲರೂ ನಕ್ಕು ಒಪ್ಪಿಕೊಂಡರು. ಬೆಳಿಗ್ಗೆ ಏಳುವುದೆಂದರೆ ನನಗೆ ಪ್ರಾಣಸಂಕಟ ಎಂದು ಅವರಿಗೆಲ್ಲ ಗೊತ್ತಿತ್ತು.

ಹೊಸಬರ ಜೊತೆ ಆಡುವ ಸುಖವೇ ಬೇರೆ. ಅವರು ಎಲೆ ಬಿಡುವುದೇ ಇಲ್ಲ. "ನೋಡೇ ಬಿಡಣ" ಅಂತ ಕೊನೆಯವರೆಗೂ ಬರುತ್ತಾರೆ. ಅವರಿಗೆ ಸುಳ್ಳು ಆಟ ತೋರಿಸಿ ಹೆದರಿಸುವುದು ದಂಡ. ಒಳ್ಳೆಯ ಎಲೆ ಬರುವವರೆಗೂ ಸುಮ್ಮನೆ ಕೂತು, ಬಂದಾಗ ಏರಿಸಿದರೆ ಮುಗಿಯಿತು. ಅಣ್ಣನಿಗೆ ಜೋಡಿ ಬಂದರೆ ಹೆಗಲ ಮೇಲಿನ ಟವೆಲನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಳ್ಳುತ್ತಾನೆ. ನನ್ನ ಹೆಂಡತಿ ಗೌರಿಬಿದನೂರಿನವಳು, ತೆಲುಗು ಕನ್ನಡ ಬೆರೆಸಿ ಎಡೆಬಿಡದೆ ಮಾತಾಡುವವಳು. ರಾಣಿಯೋ ರಾಜನೋ ಬಂದರೆ ಮಾತು ನಿಲ್ಲಿಸುತ್ತಾಳೆ. ಇಬ್ಬರನ್ನೂ ಓದುವುದು ಒಂದೇ ವಾರದಲ್ಲಿ ಬಂತು.

ಅತ್ತಿಗೆ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಮೊದಲ ವರ್ಷ ಅವರು ನನ್ನನ್ನೇ ಎಷ್ಟೋ ಸಲ ಸೋಲಿಸಿದರು. ಸಾವಿರಾರು ಹುಳುಗಳಲ್ಲಿ ಯಾವುದು ತಲೆ ಎತ್ತಿತು, ಯಾವುದು ಎತ್ತಲಿಲ್ಲ ಎಂದು ನೋಡಿ ನೋಡಿ ಪಳಗಿದ ಕಣ್ಣು. ನಾನು ಏರಿಸಿದರೆ ನನ್ನ ಮುಖ ಒಂದು ಕ್ಷಣ ನೋಡಿ, "ಅಯ್ಯೋ, ಇವನ ಹತ್ರ ಏನೂ ಇಲ್ಲ ಕಣೇ, ಹಾಕು ಬೀಜ" ಎಂದು ನನ್ನ ಹೆಂಡತಿಗೆ ಹೇಳಿಬಿಡುತ್ತಿದ್ದರು. ಅಣ್ಣ ಬಿದ್ದು ಬಿದ್ದು ನಗುತ್ತಿದ್ದ. ಬೆಳಿಗ್ಗೆ ನಾನು ಕುಡುಗೋಲು ಹಿಡಿದು ಗೊಣಗುತ್ತಾ ತೋಟಕ್ಕೆ ಹೊರಟರೆ ಅತ್ತಿಗೆ ಹಿಂದೆಯೇ ಕಾಫಿ ತಂದುಕೊಡುತ್ತಿದ್ದರು.

ಎರಡನೇ ವರ್ಷ ಅವರ ಆಟ ಬದಲಾಯಿತು. ಕೊಟ್ಟ ಎರಡು ಎಲೆಗಳನ್ನು ನೋಡಿ ಕೆಳಗಿಡುವರು. ನಡುವಿನ ಎಲೆ ತೆರೆದರೆ ಮತ್ತೆ ಎತ್ತಿ ನೋಡುವರು. ಇನ್ನೊಂದು ತೆರೆದರೆ ಮತ್ತೆ. ಒಳ್ಳೆಯ ಎಲೆ ಬಂದವರು ಮತ್ತೆ ಮತ್ತೆ ನೋಡುವುದಿಲ್ಲ, ಅದು ತಲೆಯಲ್ಲೇ ಕೂತಿರುತ್ತದೆ. ಮೂರು ಮೂರು ಸಲ ನೋಡುವವರ ಕೈಯಲ್ಲಿ ಕಸ ಇರುತ್ತದೆ. ಚಿಕ್ಕಬಳ್ಳಾಪುರದ ರೂಮಿನಲ್ಲಿ ನಾನು ಕಲಿತ ಪಾಠ ಇದು. ಸರಿ, ಅತ್ತಿಗೆ ಮೂರನೇ ಸಲ ಎಲೆ ಎತ್ತಿದರು ಅಂದರೆ ನಾನು ಏರಿಸುತ್ತಿದ್ದೆ. ಅವರು ಗಾಬರಿಯಾಗಿ ಬಿಟ್ಟುಬಿಡುತ್ತಿದ್ದರು. ಕೊನೆಗೂ ಈ ಮನೆಯ ದೊಡ್ಡ ಆಟಗಾರ್ತಿಯ ಗುಟ್ಟು ಸಿಕ್ಕಿತು ಎಂದು ಹಿಗ್ಗಿಹೋದೆ.

ಒಂದು ಭಾನುವಾರ ಅವರು ಬಿಟ್ಟ ಎಲೆಗಳನ್ನು, ಯಾರೂ ನೋಡದಾಗ ತಿರುಗಿಸಿ ನೋಡಿದೆ. ಎರಡು ರಾಜ. ನಡುವೆ ಇನ್ನೊಂದು ರಾಜ ಬಿದ್ದಿತ್ತು. ಮೂರು ರಾಜರನ್ನು ಕೈಯಲ್ಲಿಟ್ಟುಕೊಂಡು ಯಾರಾದರೂ ಬಿಡುತ್ತಾರಾ? ಎಲೆಗಳನ್ನು ಕಟ್ಟಿನೊಳಗೆ ಸೇರಿಸಿ ಕಲಸಿಬಿಟ್ಟೆ. ಆಮೇಲೆ ಬೇರೆ ಸಣ್ಣಪುಟ್ಟವು. ತಮ್ಮ ಬೀಜ ಹಾಕಿದ ಮೇಲೆ ಮತ್ತೆ ಹಾಕುವರು. "ನಾನು ಆಡಿದ್ನಾ?" ಎಂದು ಕೇಳುವರು. ಎರಡು ಸಲ ಹಾಕಿದರೆ ನಾನು ತುಟಿಪಿಟಕ್ ಅನ್ನುತ್ತಿರಲಿಲ್ಲ. ವಯಸ್ಸು ಐವತ್ತು ದಾಟಿತು, ಕೆಲಸದ ಆಯಾಸ, ಮನಸ್ಸು ಹುಳುಮನೆಯಲ್ಲಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಗಿನ ಸೊಪ್ಪಿನ ಸರದಿ ವಾರ ವಾರವೂ ಅವರ ಪಾಲಾಯಿತು. ನಾನು ಏಳು ಗಂಟೆವರೆಗೂ ಹೊದ್ದುಕೊಂಡು ಮಲಗುತ್ತಿದ್ದೆ.

ಹಾಗೆ ಎಂಟು ತಿಂಗಳು ನಡೆದ ಮೇಲೆ ಆ ಭಾನುವಾರ ಬಂತು. ಜಗುಲಿಯಲ್ಲಿ ಚಾಪೆ ಹಾಸಿ ನಾಲ್ಕೂ ಜನ ಕೂತಿದ್ದೆವು. ನಡುವೆ ಬೀಜದ ರಾಶಿ ಚೆನ್ನಾಗಿ ಬೆಳೆದಿತ್ತು. ಅತ್ತಿಗೆ ನೀರು ಕುಡಿದು ಬರುತ್ತೇನೆ ಎಂದು ಒಳಗೆ ಹೋದರು. ಬರುವಾಗ ಕೈಯಲ್ಲಿ ಪೊರಕೆ ಇತ್ತು. "ಇದ್ಯಾರು ಇಲ್ಲಿ ಬೀಜ ಹರಡಿರೋದು? ತುಳಿದು ಜಾರಿ ಬಿದ್ರೆ?" ಎಂದು ರಾಶಿಯನ್ನೆಲ್ಲ ಗುಡಿಸಿ ಅಂಗಳಕ್ಕೆ ತಳ್ಳಿಬಿಟ್ಟರು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಸೋಲ್ತೀನಿ ಅಂತ ಗೊತ್ತಾಗಿ ಎಂಥ ನಾಟಕ ಕಟ್ತಾಳೆ ನೋಡೋ ಇವಳು!" ನನ್ನ ಹೆಂಡತಿಯೂ ನಕ್ಕಳು. ನಾವು ನಗುವುದನ್ನು ನೋಡಿ ಅತ್ತಿಗೆ ತಡವಾಗಿ ನಕ್ಕರು.

ಮುಖ ಓದುವುದನ್ನು ನಾನು ಕಲಿತವನಲ್ಲವೇ? ಅವರ ಮುಖದಲ್ಲಿ ನಾಟಕ ಇರಲಿಲ್ಲ. ನಾವು ಯಾಕೆ ನಗುತ್ತಿದ್ದೇವೆ ಎಂದು ಅವರಿಗೆ ತಿಳಿದಿರಲಿಲ್ಲ. ತಿಳಿಯಲಿಲ್ಲ ಎಂಬುದು ನಮಗೆ ಗೊತ್ತಾಗಬಾರದೆಂದು ನಕ್ಕರು. ಮೂರನೇ ಸಲ ಎಲೆ ನೋಡುತ್ತಿದ್ದದ್ದು ಯಾಕೆ, ಮೂರು ರಾಜರನ್ನು ಬಿಟ್ಟದ್ದು ಯಾಕೆ, ಎಲ್ಲ ಒಟ್ಟಿಗೆ ಹೊಳೆಯಿತು. ತಮ್ಮ ಕೈಯಲ್ಲಿ ಏನಿದೆ ಎಂದು ಅವರಿಗೆ ನೆನಪಿರುತ್ತಿರಲಿಲ್ಲ. ಆಗಲೇ ಎದ್ದು ಅಣ್ಣನನ್ನು ಪಕ್ಕಕ್ಕೆ ಕರೆಯಬೇಕಿತ್ತು. ಕರೆಯಲಿಲ್ಲ. ಅಂಗಳದಿಂದ ಬೀಜ ಆರಿಸಿ ತಂದು, ಎಲೆ ಕಲಸಿ, ಎಲ್ಲರಿಗೂ ಎರಡೆರಡು ಹಂಚಿದೆ. ಆ ವಾರವೂ ನಾನೇ ಗೆದ್ದೆ.

ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಹೇಳಿದರೆ, ಎಷ್ಟು ದಿನದಿಂದ ನೋಡುತ್ತಿದ್ದೀಯ ಎಂದು ಅಣ್ಣ ಕೇಳುತ್ತಿದ್ದ. ನೋಡಿ ಏನು ಮಾಡಿದೆ ಎಂದು ಕೇಳುತ್ತಿದ್ದ. ಇದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಅಸಹ್ಯ. ಬೆಳಗಿನ ನಿದ್ದೆ ಚೆನ್ನಾಗಿತ್ತು.

ನಾಲ್ಕು ತಿಂಗಳಾದ ಮೇಲಿನ ಮಾತು. ನಮ್ಮ ತೋಟದ ಪಕ್ಕದಲ್ಲಿ ಇನ್ನೊಬ್ಬರ ದ್ರಾಕ್ಷಿ ತೋಟವಿದೆ. ಅವರು ದ್ರಾಕ್ಷಿಗೆ ಔಷಧಿ ಹೊಡೆದರೆ ಗಾಳಿಗೆ ನಮ್ಮ ಅಂಚಿನ ನಾಲ್ಕು ಸಾಲು ಸೊಪ್ಪಿನ ಮೇಲೂ ಬೀಳುತ್ತದೆ. ಆ ಸೊಪ್ಪು ತಿಂದರೆ ಹುಳು ಒಂದೂ ಉಳಿಯುವುದಿಲ್ಲ. ಅದಕ್ಕೇ ಔಷಧಿ ಹೊಡೆದ ದಿನವೇ ಆ ಸಾಲುಗಳ ತುದಿಯ ಗಿಡಗಳಿಗೆ ಕೆಂಪು ಬಟ್ಟೆ ಕಟ್ಟುವುದು ನಮ್ಮಲ್ಲಿ ರೂಢಿ. ಬಟ್ಟೆ ಕಂಡರೆ ಅಲ್ಲಿ ಕುಡುಗೋಲು ಹಾಕಬಾರದು. ಈ ರೂಢಿ ಮಾಡಿದವರೇ ಅತ್ತಿಗೆ. ಆ ಶನಿವಾರ ಪಕ್ಕದವರು ಔಷಧಿ ಹೊಡೆದರು. ಅತ್ತಿಗೆ ತಮ್ಮ ಹಳೆಯ ಕೆಂಪು ಸೀರೆಯನ್ನು ಉದ್ದಕ್ಕೆ ಹರಿದು, ತಾವೇ ಹೋಗಿ ನಾಲ್ಕೂ ಸಾಲಿಗೆ ಕಟ್ಟಿ ಬಂದು ನಮಗೆಲ್ಲ ಹೇಳಿದರು.

ಹುಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳು ತಿನ್ನದೆ ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಕೊನೆಯದು, ಅದು ಕಳೆದರೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಇನ್ನೊಂದು ವಾರ ತಿಂದರೆ ಗೂಡು ಕಟ್ಟುತ್ತವೆ. ಭಾನುವಾರ ಆಡಿದೆವು. ಅತ್ತಿಗೆ ಮೂರನೇ ಸಲ ಎಲೆ ಎತ್ತಿದರು, ನಾನು ಏರಿಸಿದೆ. "ನಂಗಾಗಲ್ಲಪ್ಪ ನಿನ್ನ ಜೊತೆ" ಎಂದು ಎಲೆ ಬಿಟ್ಟರು.

ಸೋಮವಾರ ಬೆಳಿಗ್ಗೆ ಅವರು ಹಿತ್ತಲ ಬಾಗಿಲು ತೆಗೆದ ಸದ್ದು ಕೇಳಿಸಿತು. ಎಚ್ಚರವಾಗಿತ್ತು ನನಗೆ. ತಲೆಗೆ ಮರೆವು ಹಿಡಿದವರನ್ನು ಒಂಟಿಯಾಗಿ ತೋಟಕ್ಕೆ ಕಳಿಸುತ್ತಿದ್ದೇನೆ ಎಂಬ ಯೋಚನೆಯೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಹೊದಿಕೆ ಎಳೆದುಕೊಂಡು ಇನ್ನೊಂದು ಮಗ್ಗುಲಿಗೆ ತಿರುಗಿದೆ.

ಸಂಜೆ ಚಿಕ್ಕಬಳ್ಳಾಪುರದಿಂದ ಬಂದು ಬೈಕ್ ನಿಲ್ಲಿಸಿದಾಗ ಹುಳುಮನೆ ನಿಶ್ಶಬ್ದವಾಗಿತ್ತು. ದೊಡ್ಡ ಹುಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಅಂಗಳದವರೆಗೂ ಕೇಳಿಸುತ್ತದೆ. ಆ ದಿನ ಇರಲಿಲ್ಲ. ಒಳಗೆ ಹೋದೆ. ಹುಳುಗಳು ತಲೆ ಎತ್ತಿ ಅತ್ತಿತ್ತ ಹೊಯ್ದಾಡುತ್ತಿದ್ದವು, ಬಾಯಿಂದ ಹಸಿರು ನೀರು ಕಾರಿಕೊಂಡು ಮೈ ಸೆಟೆದು ಬೀಳುತ್ತಿದ್ದವು. ಅಣ್ಣ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಮುಂದೆ ಸೊಪ್ಪಿನ ಹೊರೆ ಕಟ್ಟಿದ್ದ ಕೆಂಪು ಬಟ್ಟೆ ಬಿದ್ದಿತ್ತು.

"ಬಟ್ಟೆ ಕಟ್ಟಿರಲಿಲ್ವೇನೇ?" ಎಂದು ಅಣ್ಣ ಪಕ್ಕದಲ್ಲಿ ನಿಂತಿದ್ದ ಅತ್ತಿಗೆಯನ್ನು ಕೇಳಿದ.

"ಕಟ್ಟಿದ್ರು ಕಣ್ರೀ, ಯಾರೋ ಕಟ್ಟಿದ್ರು," ಎಂದರು ಅತ್ತಿಗೆ. "ಗಟ್ಟಿ ಬಟ್ಟೆ, ಗಿಡದ ಮೇಲೆ ಸುಮ್ನೆ ಹಾಳಾಗ್ತೈತಲ್ಲ, ಹೊರೆ ಕಟ್ಟೋಕಾದ್ರೂ ಆಯ್ತದೆ ಅಂತ ಬಿಚ್ಕೊಂಡೆ."

ಅಣ್ಣ ಯಾವತ್ತೂ ಕೈ ಎತ್ತಿದವನಲ್ಲ. ಅವತ್ತೂ ಎತ್ತಲಿಲ್ಲ. ಆದರೆ ಬಾಯಿಗೆ ಬಂದದ್ದನ್ನೆಲ್ಲ ಅಂದ. "ಮೈಮೇಲೆ ಜ್ಞಾನ ಐತೇನೇ ನಿನಗೆ? ಮೂವತ್ತು ವರ್ಷ ಹುಳು ಸಾಕಿದವಳು ಮಾಡೋ ಕೆಲಸಾನೇನೇ ಇದು? ದರಿದ್ರದವಳೇ!" ಅತ್ತಿಗೆ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ಕಾಯಿಲೆ ಕಣೋ ಅಣ್ಣ, ಬಯ್ಯಬೇಡ, ನನಗೆ ಗೊತ್ತು ಎಂಬ ಇಷ್ಟು ಮಾತನ್ನು ಆಗಲೇ ಹೇಳಬೇಕಿತ್ತು, ನಾನು ಸತ್ತ ಹುಳುಗಳನ್ನು ಬುಟ್ಟಿಗೆ ತುಂಬತೊಡಗಿದೆ. ಮಾರನೆಯ ದಿನ ಗುಂಡಿ ತೋಡಿ, ಸುಣ್ಣ ಹಾಕಿ ಹುಳುಗಳನ್ನೆಲ್ಲ ಮುಚ್ಚಿದೆವು. ಅತ್ತಿಗೆ ಗುಂಡಿಯ ಪಕ್ಕದಲ್ಲಿ ನಿಂತು ಅಳುತ್ತಾ, "ಯಾವ ಪಾಪಿ ಮಾಡಿದ್ದು ಇದನ್ನ?" ಎಂದು ನಮ್ಮೆಲ್ಲರನ್ನೂ ಕೇಳಿದರು. ಅಣ್ಣ ಸಲಿಕೆ ಎಸೆದು ಹೊರಟುಹೋದ. ನಾನು ಮಣ್ಣು ಎಳೆಯುತ್ತಲೇ ಇದ್ದೆ.

ಮೂರು ತಿಂಗಳು ಅಣ್ಣ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಮೂರು ತಿಂಗಳೂ ನಾನು ಬಾಯಿ ಬಿಡಲಿಲ್ಲ. ಕೊನೆಗೆ ಅತ್ತಿಗೆ ಒಂದು ದಿನ ಅನ್ನಕ್ಕೆ ಅಕ್ಕಿಯನ್ನೇ ಹಾಕದೆ ನೀರು ಕುದಿಸುತ್ತಾ ಗಂಟೆಗಟ್ಟಲೆ ನಿಂತದ್ದನ್ನು ನನ್ನ ಹೆಂಡತಿ ಕಂಡಳು. ಬೆಂಗಳೂರಿಗೆ ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದವಳು ಅವಳೇ. ಡಾಕ್ಟರು ತಲೆಯ ಫೋಟೋ ತೆಗೆಸಿ, ಏನೇನೋ ಪ್ರಶ್ನೆ ಕೇಳಿ, ಕಾಯಿಲೆಯ ಹೆಸರು ಹೇಳಿ, "ಇದು ಯಾವಾಗಿಂದ ಗಮನಕ್ಕೆ ಬಂತು?" ಎಂದು ಕೇಳಿದರು.

"ಹುಳು ಸತ್ತ ದಿನದಿಂದ ಸಾರ್," ಎಂದ ಅಣ್ಣ. "ಅದಕ್ಕೆ ಮುಂಚೆ ಕಲ್ಲುಗುಂಡಿನ ಹಾಗಿದ್ಲು. ನಾನು ಬಯ್ದೆ ಸಾರ್, ಅದಕ್ಕೇ ಹಿಂಗಾಯ್ತೇನೋ."

ಬಯ್ದದ್ದರಿಂದ ಬರುವ ಕಾಯಿಲೆ ಅಲ್ಲ ಇದು, ಸ್ವಲ್ಪ ಮುಂಚೆ ಬಂದಿದ್ದರೆ ಮಾತ್ರೆಯಿಂದ ಒಂದಷ್ಟು ದಿನ ತಡೆದು ನಿಲ್ಲಿಸಬಹುದಿತ್ತೇನೋ ಎಂದರು ಡಾಕ್ಟರು. ಅಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡ. ಆಗಲೂ ನಾನು ಹೇಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿಕೊಂಡೆ. ಕೋಪ ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತದೆ. ಆ ದಿನ ಕನ್ನಡದಲ್ಲೇ, ಮೆಲ್ಲಗೆ ಹೇಳಿದಳು. "ಬೀಜ ಗುಡಿಸಿದ ದಿನ ಅಕ್ಕನ ಮುಖ ನಾನೂ ನೋಡ್ದೆ ರೀ. ಯಾಕೋ ಭಯ ಆಯ್ತು. ನಿಮ್ಮ ಕಡೆ ನೋಡಿದೆ. ಎಲ್ಲರ ಮುಖಾನೂ ನೋಡ್ತಾ ಕೂತಿರೋರು ನೀವು, ನಿಮಗೆ ಕಾಣದೆ ಇರುತ್ತಾ? ನೀವು ಸುಮ್ನೆ ಎಲೆ ಹಂಚ್ತಾ ಇದ್ರಿ. ಹಂಗಾದ್ರೆ ಏನಿಲ್ಲ ಬಿಡು ಅಂದ್ಕೊಂಡೆ." ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಅಣ್ಣನಿಗೆ ನೀವೇ ಹೇಳಿ ಎಂದೂ ಅನ್ನಲಿಲ್ಲ, ಹೇಳಬೇಡಿ ಎಂದೂ ಅನ್ನಲಿಲ್ಲ. ತಾನು ಬಯ್ದದ್ದರಿಂದಲೇ ಹೆಂಡತಿಗೆ ಹೀಗಾಯಿತು ಎಂದು ಅಣ್ಣ ಇವತ್ತಿಗೂ ನಂಬಿದ್ದಾನೆ. ಈ ಬರಹ ಅವನ ಕೈಗೆ ಸಿಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಈಗ ಹುಳು ಸಾಕುವುದಿಲ್ಲ. ಹಿಪ್ಪುನೇರಳೆ ತೋಟವನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟಿದ್ದೇವೆ. ಹುಳುಮನೆಯಲ್ಲಿ, ಹುಳು ಗೂಡು ಕಟ್ಟಲು ಬಿಡುತ್ತಿದ್ದ ಹಳೆಯ ಬಿದಿರಿನ ಚಂದ್ರಿಕೆಗಳು ಒರಗಿ ನಿಂತಿವೆ. ಕೈಗೆ ಏನಾದರೂ ಕೆಲಸ ಇದ್ದರೆ ಅತ್ತಿಗೆ ಸಮಾಧಾನವಾಗಿರುತ್ತಾರೆ, ಅದಕ್ಕೆ ಭಾನುವಾರ ಊಟವಾದ ಮೇಲೆ ಚಾಪೆ ಹಾಸಿ ಅವರನ್ನು ಕೂರಿಸಿಕೊಳ್ಳುತ್ತೇನೆ. ನಾವಿಬ್ಬರೇ ಆಡುತ್ತೇವೆ. ಎರಡು ಎಲೆಗಳನ್ನು ಅವರು ನನ್ನ ಕಡೆಗೇ ತಿರುಗಿಸಿ ಹಿಡಿದುಕೊಂಡಿರುತ್ತಾರೆ. ನಾನು ನನ್ನ ಎಲೆ ಬಿಟ್ಟು, ಬೀಜವನ್ನೆಲ್ಲ ಅವರ ಮುಂದೆ ತಳ್ಳುತ್ತೇನೆ.

ಹೋದ ವಾರವೂ ತಳ್ಳಿದೆ. "ನೀವು ಗೆದ್ರಿ ಅತ್ತಿಗೆ," ಎಂದೆ.

ಅವರು ಬೀಜದ ರಾಶಿ ನೋಡಿದರು, ನನ್ನ ಮುಖ ನೋಡಿದರು. ಮಗಳ ಹೆಸರು ಮರೆತಿದ್ದಾರೆ, ಅಣ್ಣನನ್ನು ಒಮ್ಮೊಮ್ಮೆ ಯಾರೋ ಎಂದು ನೋಡುತ್ತಾರೆ. ಆ ತಲೆಯಲ್ಲಿ ಉಳಿದುಕೊಂಡಿರುವುದು ಏನು ಎಂದು ಆಗ ನನಗೆ ಗೊತ್ತಾಯಿತು.

"ಎಲ್ಲಿ ಗೆದ್ದೆ ಬಿಡಪ್ಪ, ಸೋತಿದ್ದು ನಾನೇ," ಎಂದು ಮಂಡಿಗೆ ಕೈಯೂರಿ ಎದ್ದರು. "ಬೆಳಗಿನ ಸೊಪ್ಪು ನಾನೇ ತರ್ತೀನಿ. ನೀನು ಮಲಕ್ಕೋ."

ಮೂಲೆಯಲ್ಲಿ ಕುಡುಗೋಲು ಇರುತ್ತಿದ್ದ ಜಾಗವನ್ನು ತಡವಿದರು, ಹೊರೆ ಕಟ್ಟಲು ಬಟ್ಟೆ ಎಲ್ಲಿ ಎಂದು ಕೇಳುತ್ತಾ ಹಿತ್ತಲ ಬಾಗಿಲಿನ ಕಡೆ ಹೋದರು.